ಸಿಲಿಂಡರ್ ಹಾಕಿದ ದಿನ: ಅಮ್ಮನ ಕ್ಯಾಲೆಂಡರ್ ಮತ್ತು ನಮ್ಮ ಒಲೆಗಳ ಇತಿಹಾಸ

ಇವತ್ತಿನ ಕಥೆ ಶುರುವಾಗೋದು ಒಂದು ಅಟ್ಟದಿಂದ.

ಹೋದ ದೀಪಾವಳಿಗೆ ತುಮಕೂರಿಗೆ ಹೋಗಿದ್ದಾಗ ಅಮ್ಮ ಅಟ್ಟ ಖಾಲಿ ಮಾಡು ಅಂದಳು. ಒಡೆದ ಬಕೆಟ್, ಅಪ್ಪನ ಹಳೇ ಸ್ಕೂಟರ್ ಹೆಲ್ಮೆಟ್, ನನ್ನ ಹತ್ತನೇ ಕ್ಲಾಸಿನ ಗೈಡುಗಳು. ಅವುಗಳ ಹಿಂದೆ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿಟ್ಟ ಒಂದು ಕಟ್ಟು ಸಿಕ್ತು. ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ಗಳು. ಗೊತ್ತಲ್ವಾ, ದೊಡ್ಡ ದೊಡ್ಡ ಅಂಕಿ, ಹಬ್ಬ, ರಾಹುಕಾಲ, ಎಲ್ಲ ಇರೋ ಕ್ಯಾಲೆಂಡರ್. 2001ರಿಂದ 2014ರ ತನಕ, ನಡುವೆ ಒಂದೆರಡು ವರ್ಷ ಬಿಟ್ಟು, ಎಲ್ಲವೂ ಇದ್ದವು. ರದ್ದಿಗೆ ಹಾಕೋಣ ಅಂತ ಬಿಚ್ಚಿದರೆ ಒಳಗೆ ಪೆನ್ನಿನ ಗುರುತುಗಳು. ಹಾಲಿನವನು ಬರದ ದಿನಕ್ಕೆ ಒಂದು ಗೀಟು. ಚೀಟಿ ಕಟ್ಟಿದ ದಿನಕ್ಕೆ ಟಿಕ್. ಒಂದೂವರೆ, ಎರಡು ತಿಂಗಳಿಗೊಮ್ಮೆ ಒಂದು ತಾರೀಕಿನ ಸುತ್ತ ವೃತ್ತ ಹಾಕಿ ಪಕ್ಕದಲ್ಲಿ ಸಣ್ಣಗೆ ‘ಗ್ಯಾ’.

‘ಗ್ಯಾ’ ಅಂದರೆ ಗ್ಯಾಸ್. ಹೊಸ ಸಿಲಿಂಡರ್ ಒಲೆಗೆ ಹಾಕಿದ ದಿನ.

ಇದು ನಮ್ಮಮ್ಮ ಒಬ್ಬಳದೇ ಅಭ್ಯಾಸ ಅಲ್ಲ. ಇದನ್ನ ಕೇಳ್ತಿರೋ ನಿಮ್ಮಲ್ಲಿ ಅರ್ಧ ಜನರ ಮನೇಲಿ ಅಡುಗೆಮನೆ ಬಾಗಿಲ ಹಿಂದೆ ಇದೇ ಗುರುತು ಇರುತ್ತೆ, ಈಗಲೇ ಹೋಗಿ ನೋಡಿ. ಚಿಕ್ಕವನಿದ್ದಾಗ ನಾನು ಇದನ್ನ ಗೇಲಿ ಮಾಡ್ತಿದ್ದೆ. ಆಮೇಲೆ ಬಿ.ಕಾಂ. ಓದಿದೆ. ಮೂರು ವರ್ಷ ಲೆಡ್ಜರ್, ಜರ್ನಲ್, ಟ್ರಯಲ್ ಬ್ಯಾಲೆನ್ಸ್. ಆದರೆ ಅಟ್ಟದ ಮೇಲೆ ಧೂಳಲ್ಲಿ ಕೂತು ಆ ಕಟ್ಟು ಬಿಚ್ಚಿದಾಗಲೇ ಹೊಳೆದಿದ್ದು, ನಮ್ಮ ಮನೆಯಲ್ಲಿ ಹದಿಮೂರು ಹದಿನಾಲ್ಕು ವರ್ಷ ತಪ್ಪದೆ ನಡೆದ ಏಕೈಕ ಲೆಕ್ಕಪುಸ್ತಕ ಇದೇ ಅಂತ.

ಫೋನ್ ತೆಗೆದು ಶೀಟಲ್ಲಿ ಎಲ್ಲ ತಾರೀಕು ಹಾಕಿದೆ. ನಾವು ಮನೇಲಿ ನಾಲ್ಕು ಜನ. ಒಂದು ಸಿಲಿಂಡರ್ ಸರಾಸರಿ 58 ದಿನ ಬಂದಿದೆ. ಮನೆಗೆ ಬರೋ ಸಿಲಿಂಡರಲ್ಲಿ ಇರೋದು 14.2 ಕೆಜಿ ಗ್ಯಾಸ್. ಅಂದರೆ ದಿನಕ್ಕೆ ಹೆಚ್ಚುಕಮ್ಮಿ 245 ಗ್ರಾಂ. ಬೆಂಗಳೂರಲ್ಲಿ ನಾನು ಮತ್ತಿಬ್ಬರು ಸ್ನೇಹಿತರು ಬಾಡಿಗೆ ಮನೇಲಿದೀವಿ, ಮೂರೇ ಜನ. ನಮ್ಮ ಸಿಲಿಂಡರ್ ಬರೋದು 33 ದಿನ. ದಿನಕ್ಕೆ 430 ಗ್ರಾಂ. ವಾರಕ್ಕೆ ಎರಡು ಸಲ ಆ್ಯಪಲ್ಲಿ ಊಟ ತರಿಸಿಕೊಂಡೂ ಇಷ್ಟು.

ವರ್ಷದ ಲೆಕ್ಕಕ್ಕೆ ಬಂದರೆ ಅಮ್ಮನಿಗೆ ಆರು ಚಿಲ್ಲರೆ ಸಿಲಿಂಡರ್, ನಮಗೆ ಹನ್ನೊಂದು. ಒಂದಕ್ಕೆ 850 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 4,000 ರೂಪಾಯಿ ವ್ಯತ್ಯಾಸ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು 3 ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತೆ, ಹಾಗಾಗಿ ಆ ಲೆಕ್ಕದಲ್ಲೂ 200 ಕೆಜಿ ಜಾಸ್ತಿ. ನಮ್ಮ ಮನೇಲಿ ಒಬ್ಬ ಸ್ನೇಹಿತ ಬಟ್ಟೆ ಚೀಲ ಇಲ್ಲದೆ ಅಂಗಡಿಗೆ ಹೋಗಲ್ಲ, ಇನ್ನೊಬ್ಬ ಬಿದಿರಿನ ಬ್ರಶ್ಶಲ್ಲಿ ಹಲ್ಲುಜ್ಜುತ್ತಾನೆ. ನಮ್ಮಮ್ಮ ‘ಪರಿಸರ’ ಅನ್ನೋ ಪದ ಬಾಯಲ್ಲಿ ಆಡಿದ್ದನ್ನ ನಾನು ಕೇಳೇ ಇಲ್ಲ.

ಹಾಗಾದರೆ ಅಮ್ಮ ಏನು ಮಾಡ್ತಿದ್ದಳು? ಅದಕ್ಕಿಂತ ಮುಖ್ಯವಾಗಿ, ಅದನ್ನ ಎಲ್ಲಿಂದ ಕಲಿತಳು? ಇದನ್ನ ಹುಡುಕ್ತಾ ಹೋದರೆ ಲಂಡನ್ನಿಗೂ ಹೋಗಬೇಕಾಯ್ತು, ಕಲ್ಕತ್ತಾಗೂ ಹೋಗಬೇಕಾಯ್ತು, ಕೊನೆಗೆ ನಮ್ಮಜ್ಜಿಯ ಊರಿರೋ ಕುಣಿಗಲ್ ತಾಲ್ಲೂಕಿಗೇ ವಾಪಸ್ ಬರಬೇಕಾಯ್ತು.

ಮೊದಲು ಲಂಡನ್. 1679. ಡೆನಿಸ್ ಪ್ಯಾಪಿನ್ ಅಂತ ಒಬ್ಬ ಫ್ರೆಂಚ್ ವಿಜ್ಞಾನಿ, ರಾಯಲ್ ಸೊಸೈಟಿಯ ಮುಂದೆ ಒಂದು ಗಟ್ಟಿ ಕಬ್ಬಿಣದ ಪಾತ್ರೆ ತಂದಿಟ್ಟ. ಮುಚ್ಚಳ ಬಿಗಿಯಾಗಿ ಕೂರುತ್ತೆ, ಆವಿ ಹೊರಗೆ ಹೋಗಲ್ಲ, ಒತ್ತಡ ಏರುತ್ತೆ. ಗಟ್ಟಿ ಮೂಳೆ ಕೂಡ ಅದರಲ್ಲಿ ಮೆತ್ತಗಾಗ್ತಿತ್ತು. ಪಾತ್ರೆ ಸಿಡೀಬಾರದು ಅಂತ ಅದಕ್ಕೆ ತೂಕ ಕೂರಿಸಿದ ಒಂದು ವಾಲ್ವ್ ಕೂಡ ಅವನೇ ಮಾಡಿದ. ನಿಮ್ಮ ಕುಕ್ಕರ್ ಮೇಲೆ ಕೂತು ಕೂಗೋ ವೆಯ್ಟ್ ಇದೆಯಲ್ಲ, ಅದರ ಮುತ್ತಜ್ಜ ಅದು. 1682ರಲ್ಲಿ ಸೊಸೈಟಿಯ ಸದಸ್ಯರು ಆ ಪಾತ್ರೆಯಲ್ಲಿ ಬೇಯಿಸಿದ ಊಟ ಮಾಡಿದರು. ಅವತ್ತಿನ ಊಟ ತುಂಬಾ ಚೆನ್ನಾಗಿತ್ತು ಅಂತ ಜಾನ್ ಎವೆಲಿನ್ ತನ್ನ ಡೈರಿಯಲ್ಲಿ ಬರ್ಕೊಂಡಿದ್ದಾನೆ.

ನನಗೆ ಖುಷಿ ಕೊಟ್ಟಿದ್ದು ಬೇರೆ ವಿಷಯ. ಪ್ಯಾಪಿನ್ 1681ರಲ್ಲಿ ಇದರ ಬಗ್ಗೆ ಒಂದು ಪುಸ್ತಕ ಬರೆದ. ಆ ಕಾಲದ ರೂಢಿಯಂತೆ ಶೀರ್ಷಿಕೆ ಒಂದು ಪ್ಯಾರಾ ಉದ್ದ ಇದೆ. ಅಡುಗೆಗೆ ಹೇಗೆ, ಹಡಗಿನ ಪ್ರಯಾಣಕ್ಕೆ ಹೇಗೆ ಅಂತೆಲ್ಲ ಹೇಳಿ, ಕೊನೆಗೆ ಒಂದು ದೊಡ್ಡ ಪಾತ್ರೆಗೆ ಎಷ್ಟು ಖರ್ಚಾಗುತ್ತೆ, ಅದರಿಂದ ಎಷ್ಟು ಲಾಭ ಅನ್ನೋದನ್ನೂ ಕೊಟ್ಟಿದ್ದೀನಿ ಅಂತ ಶೀರ್ಷಿಕೆಯಲ್ಲೇ ಸೇರಿಸಿದ್ದಾನೆ. ಕಾಸ್ಟ್ ಆ್ಯಂಡ್ ಬೆನಿಫಿಟ್! ಸುಮಾರು 340 ವರ್ಷದ ಹಿಂದೆ, ಕುಕ್ಕರ್ ಹುಟ್ಟಿದ ಕಾಲದಲ್ಲೇ. ಪಾಪ, ಆ ಮನುಷ್ಯನಿಗೆ ಲಾಭ ಸಿಗಲಿಲ್ಲ. ಕೊನೆಗಾಲದಲ್ಲಿ ಬಡತನದಲ್ಲೇ ಸತ್ತ.

ಅಲ್ಲಿಂದ ನೇರ 1910ರ ಕಲ್ಕತ್ತಾಗೆ ಬರೋಣ. ಇಂದುಮಾಧವ ಮಲ್ಲಿಕ್ ಅಂತ ಒಬ್ಬರು, ಡಾಕ್ಟರೂ ಹೌದು, ವಕೀಲಿಕೆ ಓದಿದವರೂ ಹೌದು. ಅವರು ಮಾಡಿದ್ದು ಇಕ್‌ಮಿಕ್ ಕುಕ್ಕರ್. ನೋಡೋಕೆ ಟಿಫಿನ್ ಕ್ಯಾರಿಯರ್ ಥರ. ಒಂದು ಉದ್ದನೆ ಡಬ್ಬದೊಳಗೆ ಒಂದರ ಮೇಲೊಂದು ಬಟ್ಟಲು: ಅಕ್ಕಿ, ಬೇಳೆ, ತರಕಾರಿ. ಕೆಳಗೆ ಒಂದಿಷ್ಟು ಇದ್ದಿಲ ಕೆಂಡ. ಬೆಳಿಗ್ಗೆ ಇಟ್ಟು ಹೊರಗೆ ಹೋದರೆ, ವಾಪಸ್ ಬರೋವಾಗ ಊಟ ರೆಡಿ. ಹೈಜೀನಿಕ್, ಎಕನಾಮಿಕ್, ಈ ಎರಡು ಇಂಗ್ಲಿಷ್ ಪದಗಳ ಬಾಲ ಹಿಡಿದು ಇಟ್ಟ ಹೆಸರು ಇಕ್‌ಮಿಕ್. ಮೆಸ್ಸಲ್ಲಿ ಇರೋ ಗುಮಾಸ್ತರು, ಓದೋ ಹುಡುಗರು ಇದನ್ನ ತಗೊಂಡರು. ನಮ್ಮ ಥರದ ಬ್ಯಾಚುಲರ್‌ಗಳು ಅಂತಿಟ್ಕೊಳ್ಳಿ. ನಾವು ಈಗ ಆನ್‌ಲೈನಲ್ಲಿ ನೋಡಿ ಆಸೆಪಡೋ ‘ಸ್ಲೋ ಕುಕ್ಕರ್’ ಇದೇ ಅಲ್ವಾ?

ಈಗ ಒಂದು ನಿಮಿಷ ಒಲೆ ಮುಂದೆ ನಿಲ್ಲೋಣ. ಈ ಎಲ್ಲ ಉಪಾಯದ ಹಿಂದೆ ಇರೋದು ಒಂದೇ ವಿಷಯ. ಒಂದು ಲೀಟರ್ ತಣ್ಣೀರನ್ನ ಕುದಿಯೋ ತನಕ ತರೋಕೆ ಎಷ್ಟು ಶಾಖ ಬೇಕೋ, ಅದೇ ನೀರನ್ನ ಪೂರ್ತಿ ಆವಿ ಮಾಡೋಕೆ ಅದರ ಸುಮಾರು ಏಳು ಪಟ್ಟು ಬೇಕು. ಮುಚ್ಚಳ ಇಲ್ಲದ ಪಾತ್ರೆಯಲ್ಲಿ ಬೇಳೆ ಕುದೀತಾ ಇದ್ದರೆ, ನೀವು ದುಡ್ಡು ಕೊಟ್ಟ ಗ್ಯಾಸಲ್ಲಿ ಬಹುಪಾಲು ಬೇಳೆಗಲ್ಲ, ಅಡುಗೆಮನೆ ಸೀಲಿಂಗಿಗೆ ಹೋಗ್ತಿದೆ. ಇನ್ನೊಂದು ವಿಷಯ: ನೀರು ಒಮ್ಮೆ ಕುದಿಯೋಕೆ ಶುರುವಾದ ಮೇಲೆ ಉರಿ ಎಷ್ಟೇ ಜೋರು ಮಾಡಿದರೂ ಅದು ಇನ್ನೂ ಬಿಸಿಯಾಗಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಅದಕ್ಕೇ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಮಂಗಳೂರಿನ ಅತ್ತೆ ಬೆಂಗಳೂರಿಗೆ ಬಂದು ‘ಇಲ್ಲಿ ಬೇಳೆ ಬೇಗ ಬೇಯಲ್ಲ’ ಅಂದರೆ ಅದು ಸುಮ್ಮನೆ ಕೊಂಕಲ್ಲ, ಸ್ವಲ್ಪ ಭೌತಶಾಸ್ತ್ರ ಕೂಡ. ಪ್ರೆಶರ್ ಕುಕ್ಕರ್ ಒಳಗೆ ಮಾತ್ರ ಒತ್ತಡದಿಂದ ನೀರು 120 ಡಿಗ್ರಿ ಹತ್ತಿರ ಹೋಗುತ್ತೆ. ಆ ಇಪ್ಪತ್ತು ಚಿಲ್ಲರೆ ಡಿಗ್ರಿಯೇ ಸಮಯ ಉಳಿಸೋದು.

ಭಾರತದಲ್ಲಿ ಕುಕ್ಕರ್ ದೊಡ್ಡ ಪ್ರಮಾಣದಲ್ಲಿ ಶುರುವಾಗಿದ್ದು 1959ರಲ್ಲಿ. ಒಂದೇ ವರ್ಷ ಎರಡು ಕಂಪನಿ. ಮುಂಬೈಯಲ್ಲಿ ಹಾಕಿನ್ಸ್. ಇಲ್ಲಿ ನಮ್ಮ ಬೆಂಗಳೂರಿನ ದೂರವಾಣಿನಗರದಲ್ಲಿ ಟಿಟಿಕೆಯವರ ಪ್ರೆಸ್ಟೀಜ್. ಎರಡಕ್ಕೂ ಇಂಗ್ಲೆಂಡಿನ ಕಂಪನಿಗಳ ಸಹಯೋಗ. ಮುಂದೆ ಪ್ರೆಸ್ಟೀಜ್‌ದು ಒಂದು ಹಿಂದಿ ಜಾಹೀರಾತು ಬಂತು, ಹೆಂಡತಿ ಮೇಲೆ ಪ್ರೀತಿ ಇರೋ ಗಂಡ ಈ ಕುಕ್ಕರ್ ಬೇಡ ಅನ್ನಲ್ಲ ಅನ್ನೋ ಅರ್ಥದ್ದು. ಯೋಚನೆ ಮಾಡಿ. ಬೇಯಿಸೋದು ಅವಳು, ಬೇಕು ಬೇಡ ಹೇಳೋದು ಅವನು. ಈ ವಿಷಯ ಮತ್ತೆ ಬರುತ್ತೆ, ನೆನಪಲ್ಲಿಟ್ಕೊಳ್ಳಿ.

ಕುಕ್ಕರ್ ಜೊತೆ ಬಂದ ಪುಸ್ತಕದಲ್ಲಿ ಕಂಪನಿಗಳು ಒಂದು ಮಾತು ಹೇಳ್ತಾನೇ ಬಂದಿವೆ: ಒತ್ತಡ ಪೂರ್ತಿ ಬಂದ ತಕ್ಷಣ ಉರಿ ಸಣ್ಣ ಮಾಡಿ, ಆಮೇಲೆ ಗಡಿಯಾರ ನೋಡಿ ನಿಮಿಷ ಎಣಿಸಿ. ನಾವೆಲ್ಲ ಮಾಡೋದೇನು? ಜೋರು ಉರಿಯಲ್ಲಿಟ್ಟು ಕೂಗು ಎಣಿಸ್ತೀವಿ. ಅನ್ನಕ್ಕೆ ಮೂರು, ಬೇಳೆಗೆ ಐದು, ಕಡಲೆಕಾಳಿಗೆ ದೇವರೇ ಗತಿ. ಪ್ರತಿ ಕೂಗೂ ಆವಿ ಹೊರಗೆ ಎಸೆಯೋ ಶಬ್ದ. ಅಂದರೆ ಮೊದಲನೇ ಕೂಗು ಆದ ಮೇಲಿನದ್ದೆಲ್ಲ ನಷ್ಟದ ಬಾಬತ್ತು. ನಮ್ಮಮ್ಮ ಒಂದು ಕೂಗು ಆದ ತಕ್ಷಣ ಎಲ್ಲಿದ್ದರೂ ಓಡಿ ಬಂದು ಸಿಮ್ ಮಾಡ್ತಿದ್ದಳು. ಟಿವಿ ಸೀರಿಯಲ್ ನೋಡ್ತಿದ್ದರೆ ಅಲ್ಲಿಂದಲೇ ‘ಲೋ, ಸಿಮ್ ಮಾಡೋ’ ಅಂತ ಕೂಗು. ನಮ್ಮನೇಲಿ ಕುಕ್ಕರ್‌ಗಿಂತ ಅಮ್ಮನ ಕೂಗೇ ಜಾಸ್ತಿ.

ಈ ‘ಸಿಮ್ ಮಾಡು’ ಮನೆಮನೆಯ ಮಾತಾಗೋಕೆ ಒಂದು ಯುದ್ಧ ಕಾರಣ. 1973ರ ಅಕ್ಟೋಬರ್, ಅರಬ್ ದೇಶಗಳು ಮತ್ತು ಇಸ್ರೇಲ್ ನಡುವೆ ಯುದ್ಧ. ತೈಲ ನಿರ್ಬಂಧ. ಮೂರು ಡಾಲರ್ ಆಸುಪಾಸು ಇದ್ದ ಕಚ್ಚಾ ತೈಲದ ಬ್ಯಾರಲ್ ಕೆಲವೇ ತಿಂಗಳಲ್ಲಿ ಹನ್ನೆರಡು ಡಾಲರ್ ಹತ್ತಿರ ಹೋಯ್ತು. ಹೊರಗಿಂದ ತೈಲ ತರಿಸಿಕೊಳ್ಳೋ ಭಾರತಕ್ಕೆ ಇದು ಸಿಡಿಲು. ಸೀಮೆಎಣ್ಣೆ ಕ್ಯೂ ಇನ್ನೂ ಉದ್ದ ಆಯ್ತು. 1978ರಲ್ಲಿ ಸರ್ಕಾರ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಅಂತ ಒಂದು ಸಂಸ್ಥೆ ಮಾಡಿತು, ಇಂಗ್ಲಿಷಲ್ಲಿ ಪಿಸಿಆರ್‌ಎ. ಪಾತ್ರೆಗೆ ಮುಚ್ಚಳ ಹಾಕಿ, ಬೇಳೆ ನೆನೆಸಿ, ಎಲ್ಲ ಹೆಚ್ಚಿಟ್ಟುಕೊಂಡು ಆಮೇಲೆ ಒಲೆ ಹಚ್ಚಿ, ಬರ್ನರ್ ಉಜ್ಜಿಡಿ, ಕುಕ್ಕರ್ ಬಳಸಿ. ಟಿವಿಯಲ್ಲಿ, ಪೇಪರಲ್ಲಿ ಇದೇ ಮಾತು. ನಿಮ್ಮಮ್ಮ ಹೇಳೋ ‘ಟಿಪ್ಸ್’ ಎಲ್ಲ ಇಲ್ಲಿವೆ, ನೋಡಿ.

ನಾನೂ ಅಮ್ಮ ಅಲ್ಲಿಂದಲೇ ಕಲಿತಳು ಅಂದ್ಕೊಂಡೆ. ಸ್ಕ್ರಿಪ್ಟ್ ಕೂಡ ಹಾಗೇ ಬರೆದಿದ್ದೆ. ಫೋನಲ್ಲಿ ಕೇಳಿದರೆ ಅಮ್ಮ ನಕ್ಕಳು. ‘ಟಿವಿ ನೋಡ್ಕೊಂಡು ಯಾರಾದ್ರೂ ಅಡುಗೆ ಕಲೀತಾರೇನೋ? ಸೌದೆ ಉಳಿಸೋದು ಗೊತ್ತಿದ್ದವರಿಗೆ ಗ್ಯಾಸ್ ಉಳಿಸೋದು ಹೇಳಿಕೊಡಬೇಕಾ? ನಿಮ್ಮಜ್ಜೀನ ಕೇಳು.’

ಹೀಗಾಗಿ ಕುಣಿಗಲ್ ಕಡೆಗೆ ಬಸ್ ಹತ್ತಿದೆ.

ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ಇದು ನನಗೆ ಗೊತ್ತೇ ಇರದ, ನಮ್ಮ ಪಕ್ಕದಲ್ಲೇ ನಡೆದ ಇತಿಹಾಸ. ತೈಲ ಬಿಕ್ಕಟ್ಟಿನ ಮರುವರ್ಷ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅದೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟಲ್ಲಿ, ಅಸ್ತ್ರ ಅಂತ ಒಂದು ಗುಂಪು ಶುರುವಾಯ್ತು. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ಮತ್ತು ತಂತ್ರಜ್ಞಾನ ತಲುಪಿಸೋದು ಅನ್ನೋ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಅದರ ಹಿಂದಿದ್ದವರು ಅಮೂಲ್ಯ ರೆಡ್ಡಿ. ಬೆಂಗಳೂರಲ್ಲೇ ಹುಟ್ಟಿದ ಎಲೆಕ್ಟ್ರೋಕೆಮಿಸ್ಟ್. ಜಗತ್ತಿನಾದ್ಯಂತ ವಿದ್ಯಾರ್ಥಿಗಳು ಓದೋ ಎಲೆಕ್ಟ್ರೋಕೆಮಿಸ್ಟ್ರಿ ಪಠ್ಯಪುಸ್ತಕ ಬರೆದವರಲ್ಲಿ ಒಬ್ಬರು. ಅಂಥವರು ಪ್ರಯೋಗಾಲಯ ಬಿಟ್ಟು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ವಿಸ್ತರಣಾ ಕೇಂದ್ರ ಮಾಡೋಕೆ ಹೊರಟರು.

ಉಂಗ್ರ ಹತ್ತಿರ ಪುರ ಅಂತ ಒಂದು ಹಳ್ಳಿ. 56 ಮನೆ, 350 ಚಿಲ್ಲರೆ ಜನ. 1970ರ ದಶಕದ ಕೊನೆಗೆ ಈ ತಂಡ ಅಲ್ಲಿ ಮನೆಮನೆಗೆ ಹೋಗಿ ಲೆಕ್ಕ ಹಾಕಿತು: ಈ ಹಳ್ಳಿ ಶಕ್ತಿ ಅಂತ ಏನೇನು ಬಳಸುತ್ತೆ, ಎಲ್ಲಿಂದ ಬರುತ್ತೆ, ಯಾರು ತರ್ತಾರೆ? ಆ ಕಾಲದಲ್ಲಿ ಶಕ್ತಿ ಅಂದರೆ ಕರೆಂಟು, ಡೀಸೆಲ್ಲು. ಇವರು ಎತ್ತಿನ ದುಡಿಮೆ ಲೆಕ್ಕ ಹಾಕಿದರು, ಗಂಡಸಿನ ದುಡಿಮೆ, ಹೆಂಗಸಿನ ದುಡಿಮೆ, ಮಕ್ಕಳ ದುಡಿಮೆ, ಹೊರೆ ಲೆಕ್ಕದ ಸೌದೆ, ಎಲ್ಲ. ಸಿಂಹಪಾಲು ಸೌದೆಯದ್ದು. ಅದೂ ಬಹುಪಾಲು ಅಡುಗೆ ಮತ್ತು ಸ್ನಾನದ ಬಿಸಿನೀರಿಗೆ. ಸೌದೆ ಆರಿಸೋದು, ನೀರು ಹೊರೋದು, ಬೇಯಿಸೋದು, ಇದರಲ್ಲಿ ಹೆಂಗಸರ, ಮಕ್ಕಳ ಪಾಲು ದೊಡ್ಡದು. ಯಾವ ಬಜೆಟ್ಟಲ್ಲೂ ಬರದ ಲೆಕ್ಕ. ಕಾಮರ್ಸ್ ಓದಿದವನಾಗಿ ಹೇಳ್ತೀನಿ, ನಾನು ನೋಡಿರೋ ಆಡಿಟ್‌ಗಳಲ್ಲೆಲ್ಲ ಇದು ನನಗೆ ಬಹಳ ಇಷ್ಟವಾದ ಆಡಿಟ್.

ಆ ಕೆಲಸದಿಂದ ಮುಂದೆ ಬಂದಿದ್ದು ಅಸ್ತ್ರ ಒಲೆ, 1980ರ ದಶಕದ ಶುರುವಿನಲ್ಲಿ. ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಾಡಿದ ವಿನ್ಯಾಸ. ಮಣ್ಣಿನ ಒಲೆಯೇ, ಆದರೆ ಉರಿ ಪೂರ್ತಿ ಮುಚ್ಚಿರುತ್ತೆ. ಸಾಲಾಗಿ ಮೂರು ಪಾತ್ರೆಗೆ ಜಾಗ. ಸೌದೆ ಕೆಳಗೆ ಜಾಲರಿ, ಗಾಳಿ ಆಡೋಕೆ. ಹೊಗೆ ಹೊರಗೆ ಹೋಗೋಕೆ ಕೊಳವೆ. ಹಳೇ ಒಲೆಯಲ್ಲಿ ಪಾತ್ರೆ ಪಕ್ಕದಿಂದ ಹೊರಟು ಹೋಗ್ತಿದ್ದ ಶಾಖ ಇಲ್ಲಿ ಎರಡನೇ ಪಾತ್ರೆಗೆ, ಅಲ್ಲಿಂದ ಮೂರನೇದಕ್ಕೆ. ಒಂದರಲ್ಲಿ ಮುದ್ದೆಗೆ ಎಸರು, ಒಂದರಲ್ಲಿ ಸಾರು, ಕೊನೇದರಲ್ಲಿ ಬಿಸಿನೀರು. ಸೌದೆ ಹೆಚ್ಚುಕಮ್ಮಿ ಅರ್ಧ ಉಳೀತಿತ್ತು. 1983ರಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಕರ್ನಾಟಕದ ಹಳ್ಳಿಗಳಲ್ಲಿ ಅಸ್ತ್ರ ಒಲೆ ಹಾಕೋಕೆ ಜನರಿಗೆ ತರಬೇತಿ ಕೊಟ್ಟರು. ಅಳತೆ ಒಂದೆರಡು ಇಂಚು ತಪ್ಪಿದರೆ ಒಲೆ ಸರಿಯಾಗಿ ಉರೀತಿರಲಿಲ್ಲ.

ನಮ್ಮಜ್ಜಿ ಮನೆ ಹಿತ್ತಲ ಕೊಟ್ಟಿಗೆಯಲ್ಲಿ ಮೂರು ಕಣ್ಣಿನ ಒಂದು ಮಣ್ಣಿನ ದಿಮ್ಮಿ ಇದೆ. ಚಿಕ್ಕಂದಿನಲ್ಲಿ ಅದರ ಮೇಲೆ ಕೂತು ಬಸ್ ಓಡಿಸೋ ಆಟ ಆಡಿದೀನಿ. ಅದು ಏನು ಅಂತ ಯಾವತ್ತೂ ಕೇಳಿರಲಿಲ್ಲ. ಈ ಸಲ ಕೇಳಿದೆ.

‘ಅದಾ? ಅಸ್ತ್ರ ಒಲೆ’ ಅಂದಳು ಅಜ್ಜಿ, ಏನೂ ವಿಶೇಷ ಇಲ್ಲದ ಹಾಗೆ. ‘ಒಲೆ ಚೆನ್ನಾಗೇ ಇತ್ತು ಕಣ್ ಮಗ. ಹೊಗೆ ಬತ್ತಿರ್ಲಿಲ್ಲ. ಕಣ್ಣುರಿ ನಿಂತೋಯ್ತು. ಸೌದೆನೂ ಕಮ್ಮಿ.’

‘ಮತ್ಯಾಕಜ್ಜಿ ಬಿಟ್ಟಿದ್ದು?’

‘ಸೌದೆ ಸಣ್ಣಕ್ ಸೀಳ್ಬೇಕಿತ್ತಲ್ಲ, ಆ ಬಾಯೊಳಕ್ ತುರುಕಕೆ. ಮೊದ್ಲಾದ್ರೆ ಒಂದ್ ದೊಡ್ ಕೊರಡು ಇಟ್ಟು ಒಳಕ್ ತಳ್ಕೊಂಡ್ ಹೋಗ್ತಿದ್ವಿ. ದಿನಾ ಯಾರ್ ಸೀಳೋರು? ನಿಮ್ ತಾತ ಸೀಳ್ತಿದ್ರಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಮತ್ತೆ ಅವಳೇ ಹೇಳಿದಳು. ಹೊಗೆ ಕೊಳವೆಯಲ್ಲಿ ಮಸಿ ಕಟ್ಟಿಕೊಳ್ತಿತ್ತಂತೆ. ಮೇಲೆ ಹತ್ತಿ ತೆಗೀಬೇಕು, ಅದೂ ಗಂಡಸರ ಕೈಲಿ ಹೇಳಿ ಹೇಳಿ ಸಾಕಾಗಿ, ಒಂದು ಮಳೆಗಾಲ ಕೊಳವೆ ಒಡೆದುಹೋಯ್ತು. ಸರಿ ಮಾಡೋನು ಬರಲೇ ಇಲ್ಲ. ಅಜ್ಜಿ ವಾಪಸ್ ಹಳೇ ಒಲೆಗೆ ಬಂದಳು. ಕೆಮ್ಮೂ ವಾಪಸ್ ಬಂತು. ಈಗಲೂ ಇದೆ, ನೀವು ಈ ಸಂಚಿಕೆಯ ಆಡಿಯೋದಲ್ಲಿ ಅವಳ ಮಾತಿನ ನಡುವೆ ಕೇಳಿರ್ತೀರಿ. ಎಡಿಟ್ ಮಾಡೋವಾಗ ತೆಗೆಯೋಣ ಅಂದ್ಕೊಂಡಿದ್ದೆ, ಬೇಡ ಅನ್ನಿಸ್ತು.

ಕೇಂದ್ರದ ಆ ಒಲೆ ಕಾರ್ಯಕ್ರಮ 2002ಕ್ಕೆ ನಿಂತಿತು. ಒಳ್ಳೇ ವಿನ್ಯಾಸ, ಪ್ರಾಮಾಣಿಕ ವಿಜ್ಞಾನಿಗಳು, ಆದರೂ ದೇಶದ ತುಂಬ ಇಂಥ ಎಷ್ಟೋ ಒಲೆಗಳು ಮೂಲೆ ಸೇರಿದವು. ಅಸ್ತ್ರ ತಂಡದವರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಮನೆ ಒಲೆಯ ಲೆಕ್ಕ ತಗೊಂಡು ಇಷ್ಟು ತಲೆ ಕೆಡಿಸಿಕೊಂಡವರು ಅವರು. ಆದರೆ ಉಳಿದ ಸೌದೆಯನ್ನ ತೂಕದಲ್ಲಿ ಅಳೆಯಬಹುದಿತ್ತು, ಕೊಡಲಿ ಹಿಡಿಯೋ ಹೆಚ್ಚುವರಿ ಅರ್ಧ ಗಂಟೆ ಬಿದ್ದಿದ್ದು ಅಜ್ಜಿಯ ಖಾತೆಗೆ.

ಗ್ಯಾಸ್ ಬಂದ ಮೇಲೆ ಆ ಖಾತೆ ಹಗುರ ಆಯ್ತು, ಅನುಮಾನವೇ ಇಲ್ಲ. ಎಲ್‌ಪಿಜಿ ಭಾರತದ ಪೇಟೆಗೆ ಬಂದಿದ್ದು 1955ರಲ್ಲಿ, ಮುಂಬೈಗೆ. ಇಂಡೇನ್ 1965ರಲ್ಲಿ ಕಲ್ಕತ್ತಾದಲ್ಲಿ ಶುರುವಾಯ್ತು. ಆದರೆ ಬಹಳ ಕಾಲ ಅದು ಪಟ್ಟಣದವರ, ಅದರಲ್ಲೂ ಕಾಯೋಕೆ ತಾಳ್ಮೆ ಇದ್ದವರ ಸೌಕರ್ಯ. ಕನೆಕ್ಷನ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯ್ತಿದ್ದ ಕಥೆ ನಿಮ್ಮ ಮನೇಲೂ ಇರುತ್ತೆ. ನಮ್ಮಮ್ಮ ತುಮಕೂರಿಗೆ ಮದುವೆಯಾಗಿ ಬಂದು ಎಷ್ಟೋ ವರ್ಷದ ಮೇಲೆ ನಮಗೆ ಸಿಕ್ಕಿದ್ದು ಒಂದೇ ಸಿಲಿಂಡರ್. ಖಾಲಿಯಾದರೆ ಇನ್ನೊಂದು ಬರೋ ತನಕ ಪಂಪ್ ಸ್ಟೌವ್. ಅದಕ್ಕೇ ಕ್ಯಾಲೆಂಡರ್ ಗುರುತು! ದುಡ್ಡಿನ ಲೆಕ್ಕ ಆಮೇಲೆ. ಯಾವಾಗ ಮುಗಿಯುತ್ತೆ, ಯಾವಾಗ ಬುಕ್ ಮಾಡಬೇಕು ಅನ್ನೋ ಭಯದಿಂದ ಹುಟ್ಟಿದ ಬರಹ ಅದು.

ಈಗ ಆ ಕಟ್ಟಿಗೆ ವಾಪಸ್ ಬರ್ತೀನಿ. ನಾನು ಶೀಟ್ ಮಾಡಿದಾಗ ಒಂದು ಸಾಲು ಎದ್ದು ಕಾಣ್ತಿತ್ತು. 2009. ಒಂದು ಸಿಲಿಂಡರ್ 74 ದಿನ ಬಂದಿದೆ. ಅದರ ಹಿಂದಿನದು 71. ಅದೇ ನಾಲ್ಕು ಜನ, ಅದೇ ಒಲೆ. ನಾನು ಕುಣಿದಾಡಿಬಿಟ್ಟೆ. ಇದೇ ನನ್ನ ಸಂಚಿಕೆ ಅಂದ್ಕೊಂಡೆ. ದಿನಕ್ಕೆ 192 ಗ್ರಾಂ! ‘ಅಮ್ಮ 74 ದಿನ ಸಿಲಿಂಡರ್ ಓಡಿಸಿದ್ದು ಹೇಗೆ’ ಅಂತ ಥಂಬ್‌ನೇಲ್ ಕೂಡ ಯೋಚನೆ ಮಾಡಿದ್ದೆ. ಅಮ್ಮನಿಗೆ ಫೋನ್ ಮಾಡಿ, ಆ ವರ್ಷ ಏನು ಹೊಸ ಉಪಾಯ ಮಾಡಿದೆ ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ನಿಮ್ಮಪ್ಪನ ಅಂಗಡಿ ಮುಚ್ಚಿದ್ದ ವರ್ಷ ಕಣೋ ಅದು. ರಾತ್ರಿ ಹೊತ್ತು ಒಲೆ ಹಚ್ತಾನೇ ಇರ್ಲಿಲ್ಲ. ಮಧ್ಯಾಹ್ನದ್ದೇ ಉಂಡು ಮಲಗ್ತಿದ್ವಿ. ನಿಮಗಿಬ್ಬರಿಗೆ ಅವಲಕ್ಕಿ ಮೊಸರು ಕೊಡ್ತಿದ್ದೆ. ನೀನು ಅವಲಕ್ಕಿ ಅಂದ್ರೆ ಪ್ರಾಣ ಅಂತಿದ್ದೆ ಆವಾಗ’ ಅಂದಳು.

ನನಗೆ ಹನ್ನೆರಡು ವರ್ಷ ಆಗ. ಅವಲಕ್ಕಿ ಮೊಸರು ನನಗೆ ನಿಜಕ್ಕೂ ಇಷ್ಟ. ಅದು ಯಾಕೆ ದಿನಾ ಸಿಗ್ತಿತ್ತು ಅನ್ನೋದು ನನ್ನ ತಲೆಗೆ ಹೋಗಿರಲಿಲ್ಲ.

ಶೀಟಲ್ಲಿ ಉಳಿತಾಯಕ್ಕೂ ಇಲ್ಲದಿರೋದಕ್ಕೂ ಬೇರೆ ಬೇರೆ ಕಾಲಂ ಇಲ್ಲ. ಎರಡೂ ‘ಕಡಿಮೆ ಬಳಕೆ’ ಅಂತಲೇ ಬೀಳುತ್ತೆ. ಇದು ನಮ್ಮ ಮನೆಗೆ ಮಾತ್ರ ಸೇರಿದ ಗೊಂದಲ ಅಲ್ಲ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ವಲ ಯೋಜನೆ ಶುರುವಾಯ್ತು, ಕೋಟಿಗಟ್ಟಲೆ ಬಡ ಹೆಣ್ಣುಮಕ್ಕಳ ಹೆಸರಿಗೆ ಗ್ಯಾಸ್ ಕನೆಕ್ಷನ್ ಬಂತು. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ 2019-20ರಲ್ಲಿ ಆ ಮನೆಗಳು ತಗೊಂಡ ರೀಫಿಲ್ ವರ್ಷಕ್ಕೆ ಸರಾಸರಿ ಮೂರು. ನಮ್ಮಮ್ಮನ ಆರಕ್ಕೆ ಅರ್ಧ. ಅವರೆಲ್ಲ ನಮ್ಮಮ್ಮನಿಗಿಂತ ಎರಡು ಪಟ್ಟು ಜಾಣತನದಿಂದ ಸಿಮ್ ಮಾಡ್ತಿದ್ದರು ಅಂತ ನಾನಂತೂ ನಂಬಲ್ಲ. ಮಿಕ್ಕ ಅಡುಗೆ ಸೌದೆ ಒಲೆಯಲ್ಲಿ ಆಗ್ತಿತ್ತು, ಅಥವಾ ಆಗ್ತಿರಲಿಲ್ಲ. ಆಮೇಲೆ ಬೆಲೆ ಏರಿ, 2023ರ ಆಗಸ್ಟಲ್ಲಿ 200 ರೂಪಾಯಿ ಇಳಿದು, 2024ರ ಮಹಿಳಾ ದಿನಕ್ಕೆ ಮತ್ತೆ 100 ಇಳಿದಾಗ ನಾವು ಮೂವರು ರೂಮ್‌ಮೇಟ್‌ಗಳು ಅದನ್ನ ಗಮನಿಸಲೂ ಇಲ್ಲ. ಹೊಸ ಸಿಲಿಂಡರ್ ಬಂದಾಗ ಮೂರು ಭಾಗ ಮಾಡಿ ಯುಪಿಐ ಮಾಡೋದು, ಅಷ್ಟೇ.

ಅಮ್ಮನ 58 ದಿನದಲ್ಲೂ ಒಂದು ಅಡಗಿದ ಬಾಬತ್ತು ಇತ್ತು. ಸ್ನಾನದ ನೀರು ಕಾಯ್ತಿದ್ದಿದ್ದು ಹಿತ್ತಲ ಹಂಡೆ ಒಲೆಯಲ್ಲಿ, ಅಜ್ಜಿ ಊರಿಂದ ಬರ್ತಿದ್ದ ತೆಂಗಿನ ಮಟ್ಟೆ, ಕರಟದಿಂದ. ಅದು ಕ್ಯಾಲೆಂಡರಿಗೆ ಏರಲೇ ಇಲ್ಲ. ನಮ್ಮದಕ್ಕೆ ಗೀಸರ್ ಇದೆ, ಅದು ಕರೆಂಟ್ ಬಿಲ್ಲಿಗೆ ಹೋಗುತ್ತೆ. ಹಾಗಾಗಿ ಗ್ಯಾಸಿಗೆ ಗ್ಯಾಸ್ ಹೋಲಿಸಿದ್ದು ತಪ್ಪಲ್ಲ, ಆದರೆ ಅಮ್ಮ ಸಂತೆಯಲ್ಲಿ ಚೌಕಾಸಿ ಮಾಡೋ ಥರ ಈ ಬಾಬತ್ತು ಹೇಳಿ ಹೇಳಿ ನನ್ನ ಕೈಲಿ ಸ್ಕ್ರಿಪ್ಟ್ ತಿದ್ದಿಸಿದಳು.

1865ರಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಅಂತ ಒಬ್ಬ ಅರ್ಥಶಾಸ್ತ್ರಜ್ಞ ಕಲ್ಲಿದ್ದಲ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ವಾದ ಇಟ್ಟಿದ್ದ: ಕಡಿಮೆ ಇದ್ದಿಲಲ್ಲಿ ಕೆಲಸ ಮಾಡೋ ಯಂತ್ರ ಬಂದರೆ ಇದ್ದಿಲು ಉಳಿಯಲ್ಲ, ಅಗ್ಗವಾಗಿ ಇನ್ನೂ ಜಾಸ್ತಿ ಉರಿಯುತ್ತೆ. ಕಾಲೇಜಲ್ಲಿ ಓದಿದಾಗ ಭಾರಿ ಜಾಣ ಮಾತು ಅನ್ನಿಸಿತ್ತು. ಅಮ್ಮನನ್ನ ಕೇಳಿದೆ, ಗ್ಯಾಸಲ್ಲಿ ಉಳಿದ ದುಡ್ಡು ಏನು ಮಾಡ್ತಿದ್ದೆ ಅಂತ. ಚೀಟಿ, ಅಂದಳು. ಚೀಟಿ ದುಡ್ಡು? ‘ನಿನ್ನ ಪಿಯುಸಿ ಟ್ಯೂಷನ್.’ ಅಕೌಂಟೆನ್ಸಿ ಟ್ಯೂಷನ್ ಅದು. ಈ ಲೆಕ್ಕ ಹಾಕೋಕೆ ಕಲಿತಿದ್ದು ಅಲ್ಲೇ. ಜೆವನ್ಸ್ ಇದಕ್ಕೆ ಏನಂತಾನೋ ನನಗೆ ಗೊತ್ತಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಅಡುಗೆಮನೆ ಬಾಗಿಲ ಹಿಂದೆ ನಾವೂ ಒಂದು ಕ್ಯಾಲೆಂಡರ್ ತಗಲಿಹಾಕಿದೀವಿ. ದೊಡ್ಡ ಬದಲಾವಣೆ ಏನೂ ಮಾಡಿಲ್ಲ. ಬೇಳೆ ಬೆಳಿಗ್ಗೆಯೇ ನೆನೆಹಾಕೋದು. ಮೊದಲ ಕೂಗಿಗೆ ಸಿಮ್, ಆಮೇಲೆ ಫೋನಲ್ಲಿ ಟೈಮರ್. ಕುಕ್ಕರ್ ಒಳಗೇ ಎರಡು ಡಬ್ಬ, ಒಂದರಲ್ಲಿ ಅನ್ನ, ಒಂದರಲ್ಲಿ ಬೇಳೆ, ಇಕ್‌ಮಿಕ್ ಥರ. ಫ್ರಿಜ್ಜಿಂದ ತೆಗೆದ ಸಾರನ್ನ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಬಿಸಿ ಮಾಡೋದು. ಚಹಾ ಮೂರು ಜನಕ್ಕೂ ಒಂದೇ ಸಲ, ಇದಕ್ಕೆ ಮಾತ್ರ ಜಗಳ ಆಯ್ತು, ಯಾಕಂದ್ರೆ ಒಬ್ಬ ಏಳೋದೇ ಹನ್ನೊಂದಕ್ಕೆ. ಒಬ್ಬ ಅಡುಗೆ ಮಾಡ್ತಾನೆ, ಇಬ್ಬರು ತಿಂತಾರೆ ಅನ್ನೋದನ್ನೂ ಬದಲಾಯಿಸಿದ್ವಿ. ವಾರದ ಪಟ್ಟಿ ಅದೇ ಕ್ಯಾಲೆಂಡರ್ ಕೆಳಗೆ ಅಂಟಿಸಿದೆ.

ಮೊದಲನೇ ಸಿಲಿಂಡರ್ 44 ದಿನ ಬಂತು. ಅಮ್ಮನಿಗೆ ಫೋಟೋ ಕಳಿಸಿದೆ. ಎರಡು ನೀಲಿ ಟಿಕ್ ಬಿತ್ತು, ಕೂಡಲೇ ಫೋನ್ ಬಂತು.

‘ಯುಗಾದಿಗೆ ಮೂರೂ ಜನ ಊರಿಗೆ ಹೋಗಿದ್ರಲ್ಲೋ. ಆ ಐದು ದಿನ ಕಳಿ.’

ಕಳೆದೆ. 39. ಈಗಿನದು ಹಾಕಿದ್ದು 11ನೇ ತಾರೀಕು.